ಅಟ್ಟದ ಮೇಲಿದ್ದ ಅಕ್ವೇರಿಯಂ ಮತ್ತೆ ಬಳಕೆಗೆ ಬಂದದ್ದು

ಹಲವು ವರ್ಷ ಅಟ್ಟದಲ್ಲಿ ಖಾಲಿಯಾಗಿ ಬಿದ್ದಿದ್ದ ಎರಡು ಅಡಿ ಉದ್ದದ ಅಕ್ವೇರಿಯಂನ ಒಳಗಾಜಿನ ಮೇಲೆ, ಹಿಂದೆ ನೀರಿನ ಮಟ್ಟವಿದ್ದ ಕಡೆ, ಬೆರಳಿಗೆ ಒರಟಾಗಿ ತಾಗುವ ಬಿಳಿ ಪಟ್ಟಿಯೊಂದು ಕಟ್ಟಿಕೊಂಡಿತ್ತು. ಇದು ಬೋರ್‌ವೆಲ್‌ನ ಗಡಸು ನೀರು ಬಿಟ್ಟುಹೋದ ಸುಣ್ಣದಂಶ. ಸೋಪಿಗೆ ಇದು ಜಗ್ಗುವುದಿಲ್ಲ. ಗಾಜಿನಲ್ಲಿ ಉಳಿಯುವ ಸೋಪಿನ ಅಂಶ ಮೀನಿಗೆ ಅಪಾಯಕಾರಿಯಾದ್ದರಿಂದ ಅದನ್ನು ಬಳಸಲೂಬಾರದು. ಬಿಳಿ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹೊದಿಸಿಟ್ಟು, ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದಾಗ ಪಟ್ಟಿ ಪುಡಿಪುಡಿಯಾಗಿ ಉದುರಿತು.

ತೊಟ್ಟಿಯನ್ನು ಅಂಗಳದಲ್ಲಿ ಹಳೆಯ ದಿನಪತ್ರಿಕೆಯ ಮೇಲಿಟ್ಟು ನೀರು ತುಂಬಿದೆ. ಮರುದಿನ ಒಂದು ಮೂಲೆಯ ಕೆಳಗೆ ಕಾಗದ ಒದ್ದೆಯಾಗಿತ್ತು. ಗಾಜುಗಳನ್ನು ಜೋಡಿಸುವ ಅಂಟಾದ ಸಿಲಿಕೋನ್ ಅಲ್ಲಿ ಸೋರುತ್ತಿತ್ತು. ಹಳೆಯ ಸಿಲಿಕೋನ್‌ಗೆ ಹೊಸದು ಸರಿಯಾಗಿ ಅಂಟುವುದಿಲ್ಲವಾದ್ದರಿಂದ, ಒಳಬದಿಯ ಅಂಚನ್ನೆಲ್ಲ ಬ್ಲೇಡಿನಿಂದ ಕೆರೆದು ತೆಗೆದು, ಶಿಲೀಂಧ್ರನಾಶಕ ಬೆರೆಸದ ಸಿಲಿಕೋನ್ ಹಚ್ಚಿ, ಅದರ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಒಣಗಲು ಬಿಟ್ಟೆ.

ನೀರು ತಿಳಿಯಾದ ಮಾತ್ರಕ್ಕೆ ಮೀನು ಬಿಡುವಂತಿಲ್ಲ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುತ್ತವೆ. ಒಣಗಿದ ಸ್ಪಂಜಿನಲ್ಲಿ ಅವುಗಳನ್ನು ನಿರೀಕ್ಷಿಸುವಂತಿಲ್ಲ. ಆದ್ದರಿಂದ ಸ್ನೇಹಿತರೊಬ್ಬರ ಆರೋಗ್ಯಕರ ತೊಟ್ಟಿಯ ಸ್ಪಂಜಿನ ತುಂಡನ್ನು ನನ್ನ ಫಿಲ್ಟರಿನಲ್ಲಿಟ್ಟು, ಆಹಾರ ಕೊಳೆತು ಬ್ಯಾಕ್ಟೀರಿಯಾಗೆ ಬೇಕಾದ ಅಮೋನಿಯಾ ಹುಟ್ಟಲೆಂದು, ಕ್ಲೋರಿನ್ ತೆಗೆದ ನೀರಿಗೆ ಆಗಾಗ ಚಿಟಿಕೆ ಮೀನಿನ ಆಹಾರ ಹಾಕುತ್ತ ಬಂದೆ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಲು ವಾರಗಳೇ ಹಿಡಿದವು. ಬಳಿಕವಷ್ಟೇ ಜೀಬ್ರಾ ಡ್ಯಾನಿಯೋ ಎಂಬ ಕೆಲವು ಪುಟ್ಟ ಮೀನುಗಳನ್ನು ಬಿಟ್ಟೆ.