ರಾತ್ರಿ ಹಾರಿಸೋಕೆ ಎಲ್‌ಇಡಿ: ನನಗೆ ಕೆಲಸ ಮಾಡಿದ್ದು

"ಹಗಲಲ್ಲೇ ಕಬ್ಬಿಗೆ ಬೀಳಿಸ್ತೀರ, ರಾತ್ರಿ ಎಲ್ಲಿ ಅಂತ ಹುಡುಕ್ತೀರ ಸ್ವಾಮಿ?" ಎಂದಿದ್ದರು ನಮ್ಮ ಮಂಡ್ಯದ ರಿಮೋಟ್ ವಿಮಾನದ ಗುಂಪಿನವರು, ವಿಮಾನಕ್ಕೆ ಎಲ್‌ಇಡಿ ಕಟ್ಟಿ ರಾತ್ರಿ ಹಾರಿಸ್ತೀನಿ ಅಂದಾಗ. ಈಗ ಅವರೇ ಎಲ್‌ಇಡಿ ಸ್ಟ್ರಿಪ್ (ಎಲ್‌ಇಡಿ ಸಾಲಾಗಿ ಕೂರಿಸಿದ ಪಟ್ಟಿ) ಎಲ್ಲಿ ತಂದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಮಾನ ಎಲ್ಲರ ಹತ್ತಿರ ಇರುವಂಥದ್ದೇ. ಸುಮಾರು 1.2 ಮೀಟರ್ ರೆಕ್ಕೆಯ ಫೋಮ್‌ಬೋರ್ಡ್ ಟ್ರೈನರ್ (ಕಲಿಯುವವರ ವಿಮಾನ), 2212 ಅಳತೆಯ ಮೋಟಾರ್, ಮೂರು ಸೆಲ್‌ನ (3ಎಸ್) 2200 ಎಂಎಎಚ್ ಬ್ಯಾಟರಿ.

ಮೊದಲು ಬಣ್ಣ ಬದಲಿಸುವ ಡಬ್ಲ್ಯೂಎಸ್2812 ಸ್ಟ್ರಿಪ್ ಹಾಕಿದೆ. 800 ರೂಪಾಯಿ ಹತ್ತಿರ ಹೋಯಿತು. ನೆಲದ ಮೇಲೆ ನೋಡೋಕೆ ಬಲು ಚೆಂದ. ಆದರೆ ಪೂರ್ತಿ ಬಿಳಿ ಹೊತ್ತಿದರೆ ಒಂದೊಂದು ಎಲ್‌ಇಡಿ 60 ಮಿಲಿಆಂಪ್‌ವರೆಗೂ ಎಳೆಯುತ್ತದೆ. ನಲವತ್ತು ಸೇರಿದರೆ 2 ಆಂಪ್ ದಾಟಿತು. ಮೋಟಾರ್ ವೇಗ ನೋಡಿಕೊಳ್ಳುವ ನನ್ನ ಇಎಸ್‌ಸಿ ಒಳಗೆ, ಉಳಿದವಕ್ಕೆ ಕರೆಂಟ್ ಹಂಚುವ ಬಿಇಸಿ ಇದೆ. ಅದು ಕೊಡುವುದೇ 2 ಆಂಪ್, ರೆಕ್ಕೆ-ಬಾಲದ ಪಟ್ಟಿ ಆಡಿಸುವ ಸರ್ವೋಗಳೂ ಅದರಲ್ಲೇ ಬದುಕಬೇಕು. ತಿರುವಿನಲ್ಲಿ ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಸತ್ತಿತು, ವಿಮಾನ ಕಬ್ಬಿಗೆ ಹೋಯಿತು. ಬೆಳಿಗ್ಗೆ ಗದ್ದೆಯವರೇ ಮೂತಿ ಮುರಿದ ವಿಮಾನ ತಂದುಕೊಟ್ಟರು. ಸರ್ವೋ, ಪ್ರೊಪೆಲ್ಲರ್, ಮೌಂಟ್ ಅಂತ ಇನ್ನೊಂದು 600 ಕೈಬಿಟ್ಟಿತು.

ಆಮೇಲೆ ಮಾಮೂಲಿ 12 ವೋಲ್ಟ್ ಸ್ಟ್ರಿಪ್‌ಗೆ ಬಂದೆ. 5 ಮೀಟರ್ ಸುರುಳಿ ಆಗ 250 ಆಸುಪಾಸು ಬಿತ್ತು. ದೊಡ್ಡ ಎಲ್‌ಇಡಿಯ 5050 ಬೇಡ, ಮೀಟರ್‌ಗೆ 1 ಆಂಪ್‌ಗಿಂತ ಜಾಸ್ತಿ ಕುಡಿಯುತ್ತದೆ. ಚಿಕ್ಕ ಎಲ್‌ಇಡಿಯ 3528 ಆದರೆ 0.4ರಷ್ಟು, ಸಾಕು. ಸಿಲಿಕೋನ್ ಹೊದಿಸಿದ್ದು ಸುಮ್ನೆ ತೂಕ. ಬ್ಯಾಟರಿಯ ಬ್ಯಾಲೆನ್ಸ್ ಕನೆಕ್ಟರ್‌ನ (ಚಾರ್ಜ್ ಮಾಡುವಾಗ ಸೆಲ್‌ಗಳನ್ನು ಸಮ ಮಾಡುವ ಸಣ್ಣ ಪ್ಲಗ್) ಎರಡು ತುದಿಯ ವೈರಿನಿಂದ ನೇರ ಕರೆಂಟ್ ಕೊಟ್ಟೆ, ಬಿಇಸಿಗೆ ತಂಟೆಯೇ ಇಲ್ಲ. ಬ್ಯಾಟರಿ ಇಳಿದಂತೆ ಲೈಟೂ ಮಂಕಾಗುತ್ತದೆ, ಅದೊಂದು ಪುಕ್ಕಟೆ ಎಚ್ಚರಿಕೆ.

ವೈರಿಗೆ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ಹೋದೆ. 28 ಗೇಜ್ ತಾಮ್ರದ ತಂತಿ, ತೂಕಕ್ಕೆ ಕೊಟ್ಟರು. ತುದಿಯ ಇನಾಮಲ್ ಬ್ಲೇಡಿನಿಂದ ಸುತ್ತಲೂ ಕೆರೆಯಬೇಕು, ತಾಮ್ರ ಹೊಳೆಯುವ ತನಕ. ಇಲ್ಲದಿದ್ದರೆ ಬೆಸುಗೆಯ ಸೀಸ ಕೆಸುವಿನ ಎಲೆ ಮೇಲಿನ ನೀರಿನಂತೆ ಉರುಳಿ ಹೋಗುತ್ತದೆ.

ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಎಲ್ಲರೂ ಹಾಕುತ್ತಾರೆ. ದೂರ ಹೋದರೆ ಅವು ಬರೀ ಎರಡು ಚುಕ್ಕಿ. ಬೆನ್ನು ಯಾವುದು, ಹೊಟ್ಟೆ ಯಾವುದು ಗೊತ್ತಾಗಬೇಕಲ್ವಾ? ರೆಕ್ಕೆಯ ಒಳಗೇ ಮೇಲ್ಮುಖವಾಗಿ ಬಿಳಿ, ಕೆಳಮುಖವಾಗಿ ನೀಲಿ ಸ್ಟ್ರಿಪ್ ಇಟ್ಟು, ನಡುವೆ ಕಪ್ಪು ಕಾಗದ ಕೊಟ್ಟೆ. ತಿರುವಿನಲ್ಲಿ ಬಿಳಿ ಕಂಡರೆ ನನ್ನ ಕಡೆ ತಿರುಗುತ್ತಿದೆ, ನೀಲಿ ಕಂಡರೆ ಆಚೆ ತಿರುಗುತ್ತಿದೆ. ಹೊರಗೆ ಅಂಟಿಸಿದರೆ ಕಣ್ಣು ಕುಕ್ಕುತ್ತದೆ ಅಷ್ಟೇ. ಒಳಗಿದ್ದರೆ ಇಡೀ ರೆಕ್ಕೆ ಆಕಾರ ಸಮೇತ ಕಾಣುತ್ತದೆ. ಚುಕ್ಕಿ ಚುಕ್ಕಿಯಾಗಿ ಕಾಣದಿರಲು ಮೇಲೊಂದು ಹಾಳೆ ಹಾಕಿದ್ದೇನೆ. ಅಡುಗೆಮನೆಯಲ್ಲೇ ಸಿಗುತ್ತದೆ. ಯಾವುದು ಅಂತ ಸದ್ಯಕ್ಕೆ ಹೇಳಲ್ಲ.

ಸ್ಟ್ರಿಪ್ ಹಿಂದಿನ ಅಂಟನ್ನು ನಂಬಬೇಡಿ, ಫೋಮ್ ಮೇಲೆ ನಿಲ್ಲಲ್ಲ. ಫೋಮ್ ಕರಗಿಸದ ಅಂಟನ್ನೇ ಮೇಲೊಂದು ಸಾಲು ಎಳೆಯಿರಿ.

ನಡುವೆ ಒಂದು ಹುಚ್ಚಾಟವೂ ಆಯಿತು. ದಸರಾ ಮುಗಿದ ಮೇಲೆ ಮೈಸೂರಿನಲ್ಲಿ ಅಗ್ಗಕ್ಕೆ ಸಿಕ್ಕ ತೆಳು ತಂತಿಯ ಸೀರಿಯಲ್ ಸೆಟ್ಟನ್ನು ಬಾಲಕ್ಕೆ ಸುತ್ತಿದೆ. ತೂಕವೇ ಇಲ್ಲ, ಆದರೆ ಮೂವತ್ತು ನಲವತ್ತು ಮೀಟರ್ ದಾಟಿದರೆ ಕಾಣಲ್ಲ. ಮಗಳು ಬಿಚ್ಚಬೇಡ ಅಂದಳು, ಅದಕ್ಕೆ ಹಾಗೇ ಇದೆ.

ಕೆಲಸಕ್ಕೆ ಬಂದಿದ್ದಕ್ಕೆ ಸುರುಳಿಗಳು, ತಂತಿ, ಅಂಟು ಸೇರಿ ಸಾವಿರದ ಒಳಗೇ ಆಯಿತು. ತೂಕ 40 ಗ್ರಾಂ ಮೀರಿಲ್ಲ. ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್ ಕಡೆ ಮಾತ್ರ ಸುಳಿಯಬೇಡಿ. ಇಳಿಸುವಾಗ ಬೈಕಿನ ಹೆಡ್‌ಲೈಟ್ ನಿಮ್ಮ ಬೆನ್ನ ಹಿಂದಿರಲಿ. ಎದುರಿಗಿದ್ದರೆ ಕೊನೆಯ ಹತ್ತು ಅಡಿಯಲ್ಲಿ ವಿಮಾನವೂ ಕಾಣಲ್ಲ, ನೆಲವೂ ಕಾಣಲ್ಲ.