ತೀರ್ಪಿನ ಕೊನೆಯ ಪುಟ ಓದಿಸಿಕೊಳ್ಳಿ

ನಮ್ಮ ಭಾವನ ಕೊಲೆ ಕೇಸಿನ ತೀರ್ಪು ಬಂದದ್ದು 2021ರಲ್ಲಿ. ಗದ್ದೆ ಬದುವಿನ ಜಗಳ, ತಲೆಗೆ ಎರಡು ಏಟು, ಮೂರನೇ ದಿನ ಆಸ್ಪತ್ರೆಯಲ್ಲಿ ಜೀವ ಹೋಯಿತು. ನಾಲ್ಕು ವರ್ಷ ಕೋರ್ಟಿಗೆ ಅಲೆದ ನಮ್ಮಕ್ಕ, ಜೀವಾವಧಿ ಅನ್ನೋ ಒಂದು ಮಾತು ಕಿವಿಗೆ ಬಿದ್ದದ್ದೇ ತಡ, ಸೆರಗಲ್ಲಿ ಮುಖ ಒರೆಸಿಕೊಂಡು ಬಸ್ಸು ಹತ್ತಿದಳು. ತೀರ್ಪಿನ ನಕಲು ಟ್ರಂಕಿನಲ್ಲಿ ಭಾವನ ಪಂಚೆಯ ಕೆಳಗೆ ಸೇರಿತು. ಹನ್ನೊಂದು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲ.

ಮಗಳ ಕಾಲೇಜು ಫೀಸಿಗೆಂದು ಅಕ್ಕ ಓಲೆ ಗಿರವಿ ಇಡಲು ಹೊರಟ ದಿನ ನಾನು ಆ ಕಾಗದ ಬಿಚ್ಚಿದೆ. ಕೊನೆಯ ಪುಟ, ಸಹಿಗಿಂತ ಮೂರು ಸಾಲು ಮೇಲೆ. ಮೃತನ ಹೆಂಡತಿ, ಮಕ್ಕಳಿಗೆ ಪರಿಹಾರ ನಿಗದಿಪಡಿಸಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಶಿಫಾರಸು ಮಾಡಿದೆ ಎಂದು ಬರೆದಿತ್ತು. ನಮ್ಮ ವಕೀಲರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆಮೇಲೆ ನಾನೇ ಆ ಪ್ರಾಧಿಕಾರದ ಪರವಾಗಿ ಜನರಿಗೆ ಕಾನೂನು ನೆರವು ತಲುಪಿಸುವ ಪ್ಯಾರಾ ಲೀಗಲ್ ವಾಲಂಟಿಯರ್ ಆದೆ. ಇಂಥ ಮನೆಗಳಿಗೆ ಹೋದಾಗೆಲ್ಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ದುಡ್ಡು ಎರಡು ಕಡೆಯಿಂದ ಬರಬಹುದು. ಒಂದು, ಅಪರಾಧಿ ಕಟ್ಟುವ ದಂಡದಿಂದ ಕೋರ್ಟು ನಿಮಗೆ ಕೊಡಿಸುವುದು. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಕಲಂ 357. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಂ 395. ದಂಡ ಹಾಕದಿದ್ದರೂ ಇಷ್ಟು ಪರಿಹಾರ ಕೊಡು ಎಂದು ಅಪರಾಧಿಗೆ ಆದೇಶಿಸಬಹುದು. ಆದರೆ ಆತ ಮೇಲ್ಮನವಿ ಹೋದರೆ ದಂಡದ ದುಡ್ಡು ಅದು ತೀರುವವರೆಗೆ ನಿಮ್ಮ ಕೈಗೆ ಬರುವುದಿಲ್ಲ. ಅಕ್ಕನಿಗೆ ದಂಡದಲ್ಲಿ 40,000 ಎಂದು ಬರೆದಿತ್ತು, ಆತ ಹೈಕೋರ್ಟಿಗೆ ಹೋದ, ಅದು ಅಲ್ಲೇ ನಿಂತಿತು. ಕಟ್ಟದೇ ತಪ್ಪಿಸಿಕೊಂಡರೆ ಚರಾಸ್ತಿ ಜಪ್ತಿಗೂ, ಭೂಕಂದಾಯ ಬಾಕಿಯಂತೆ ವಸೂಲಿಗೂ ಕೋರ್ಟು ವಾರಂಟ್ ಕೊಡಬಹುದು. ಇದನ್ನೇ ನಂಬಿಕೊಂಡು ಮನೆ ನಡೆಸಬೇಡಿ.

ಎರಡನೆಯದು ಸರ್ಕಾರದ ನಿಧಿಯಿಂದ ಬರುವುದು. ಹಳೇ 357ಎ, ಈಗ ಕಲಂ 396. ಕರ್ನಾಟಕದಲ್ಲಿ 2011ರಿಂದ ಇದಕ್ಕೆಂದೇ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಆರೋಪಿ ಖುಲಾಸೆಯಾದರೂ ಕೋರ್ಟು ಶಿಫಾರಸು ಮಾಡಬಹುದು. ಕೊಂದವರು ಯಾರೆಂದೇ ಗೊತ್ತಾಗದೆ ವಿಚಾರಣೆ ನಡೆಯದಿದ್ದರೆ ಅವಲಂಬಿತರು ನೇರವಾಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಇದು ಜನಕ್ಕೆ ಗೊತ್ತೇ ಇಲ್ಲ. ಕೇಸು ಬಿದ್ದುಹೋಯಿತು, ಇನ್ನೇನು ಸಿಗುತ್ತೆ ಎಂದು ಕೈಚೆಲ್ಲಿ ಕೂತ ಎಷ್ಟು ಮನೆ ನೋಡಿದ್ದೇನೆ.

ತೀರ್ಪಿನವರೆಗೂ ಕಾಯಲೇಬೇಕು ಎಂದೇನಿಲ್ಲ. ಮನೆ ನಡೆಯುವುದೇ ಕಷ್ಟವಾಗಿದ್ದರೆ ಪ್ರಾಧಿಕಾರದಲ್ಲಿ ಮಧ್ಯಂತರ ಪರಿಹಾರ ಕೇಳಿ. ಸತ್ತವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ದೌರ್ಜನ್ಯ ತಡೆ ಕಾಯ್ದೆ ಹಾಕಿದ್ದರೆ ಸಮಾಜ ಕಲ್ಯಾಣ ಇಲಾಖೆಗೂ ಹೋಗಬೇಕು. 2016ರ ತಿದ್ದುಪಡಿ ನಿಯಮದಂತೆ ಕೊಲೆಗೆ 8,25,000 ರೂಪಾಯಿ. ಪೋಸ್ಟ್‌ಮಾರ್ಟಂ ಆದ ಮೇಲೆ ಅರ್ಧ ದುಡ್ಡು, ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ ಇನ್ನರ್ಧ.

ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಕೇಳುವ ದಿನ ದಯವಿಟ್ಟು ತಪ್ಪಿಸಬೇಡಿ. ಅವತ್ತು ಬೆಳಿಗ್ಗೆಯೇ ಸರ್ಕಾರಿ ಅಭಿಯೋಜಕರನ್ನು, ಅಂದರೆ ಕೇಸು ನಡೆಸುವ ಸರ್ಕಾರಿ ವಕೀಲರನ್ನು ಕಂಡು, 'ಸಾರ್, ಪರಿಹಾರದ ವಿಷಯ ದಯವಿಟ್ಟು ಹೇಳಿ' ಎಂದು ಕೇಳಿ. ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾವ ಮಗು ಯಾವ ಕ್ಲಾಸು, ಸತ್ತವರ ದುಡಿಮೆ ಎಷ್ಟಿತ್ತು, ಸಾಲ ಎಷ್ಟಿದೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗಿಡಿ. ಪ್ರತಿ ಕ್ರಿಮಿನಲ್ ಕೇಸಿನಲ್ಲೂ ಪರಿಹಾರದ ಪ್ರಶ್ನೆಯನ್ನು ಕೋರ್ಟು ಪರಿಗಣಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣದಲ್ಲಿ ಹೇಳಿದೆ. ಕೋರ್ಟು ಕೊಡಿಸಿದ ಪರಿಹಾರ ತೀರಾ ಕಡಿಮೆ ಎನಿಸಿದರೆ ಮೇಲ್ಮನವಿ ಹೋಗುವ ಹಕ್ಕು ನಿಮಗಿದೆ.

ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಎಫ್‌ಐಆರ್ ಪ್ರತಿ, ಪೋಸ್ಟ್‌ಮಾರ್ಟಂ ವರದಿ, ಮರಣ ಪ್ರಮಾಣಪತ್ರ, ತೀರ್ಪಾಗಿದ್ದರೆ ಅದರ ದೃಢೀಕೃತ ನಕಲು, ನಾಡಕಚೇರಿಯ ವಂಶವೃಕ್ಷ, ಆಧಾರ್, ಪಾಸ್‌ಬುಕ್ ತೆಗೆದುಕೊಂಡು ಹೋಗಿ. ನಾವು ಸಿಕ್ಕಿಬಿದ್ದದ್ದು ಹೆಸರಲ್ಲಿ. ಅಕ್ಕನ ಆಧಾರ್‌ನಲ್ಲಿ ಅಪ್ಪನ ಇನಿಷಿಯಲ್, ಪಾಸ್‌ಬುಕ್‌ನಲ್ಲಿ ಗಂಡನ ಹೆಸರು, ಎಫ್‌ಐಆರ್‌ನಲ್ಲಿ ಮನೆಯಲ್ಲಿ ಕರೆಯುವ ಹೆಸರು. ಮೂವರೂ ಒಬ್ಬಳೇ ಎಂದು ನೋಟರಿ ಅಫಿಡವಿಟ್ ಮಾಡಿಸುವ ಹೊತ್ತಿಗೆ ಎರಡು ವಾರ ಹೋಯಿತು. ಮನೆ ಬಿಡುವ ಮುಂಚೆಯೇ ಎಲ್ಲ ಕಾಗದ ಚಾಪೆ ಮೇಲೆ ಹರಡಿ ಹೆಸರುಗಳನ್ನು ಒಂದಕ್ಕೊಂದು ತಾಳೆ ನೋಡಿ.

ವಂಶವೃಕ್ಷದಲ್ಲಿ ಅತ್ತೆಯ ಹೆಸರು ಬಿಡಿಸಲು ಕೆಲವರು ಕಿವಿಯೂದುತ್ತಾರೆ. ಕೇಳಬೇಡಿ. ಮಗನನ್ನು ಕಳೆದುಕೊಂಡ ಆ ತಾಯಿಯೂ ಅವನ ದುಡಿಮೆಯಲ್ಲೇ ಬದುಕಿದ್ದವಳು. ಅದು ನ್ಯಾಯವೂ ಅಲ್ಲ, ಆಮೇಲೆ ತಕರಾರು ಎದ್ದರೆ ಇಡೀ ಅರ್ಜಿ ನಿಲ್ಲುತ್ತದೆ.

ಹೆಣ್ಣುಮಕ್ಕಳ ಕೊಲೆಗೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಲ್ಲಿ 5 ಲಕ್ಷದಿಂದ 10 ಲಕ್ಷದವರೆಗೆ ಹೇಳಿದೆ. ಅದರಲ್ಲಿ ನೂರಕ್ಕೆ 75 ಭಾಗ ಕನಿಷ್ಠ ಮೂರು ವರ್ಷ ಠೇವಣಿಯಲ್ಲಿರುತ್ತದೆ, 25 ಭಾಗ ಕೂಡಲೇ ಖರ್ಚಿಗೆ. ಹೀಗಾಗಿ ಒಂದೇ ಸಲಕ್ಕೆ ಎಲ್ಲಾ ಬರುತ್ತದೆಂದು ಸಾಲಗಾರರಿಗೆ ಮಾತು ಕೊಡಬೇಡಿ. ಹೆಂಗಸರು, ಮಕ್ಕಳು, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಪ್ರಾಧಿಕಾರವೇ ಉಚಿತವಾಗಿ ಕೊಡುತ್ತದೆ. ಸಹಾಯವಾಣಿ 15100. ಬಂದದ್ದರಲ್ಲಿ ಇಷ್ಟು ಭಾಗ ಕೊಡಿ, ನಾನು ಮಾಡಿಸಿಕೊಡುತ್ತೇನೆ ಎನ್ನುವವರನ್ನು ಹೊಸಿಲು ದಾಟಿಸಬೇಡಿ.

ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಪ್ರಾಧಿಕಾರ ಎರಡು ತಿಂಗಳಲ್ಲಿ ಅದರ ವಿಚಾರಣೆ ಮುಗಿಸಬೇಕೆಂದು ಕಾನೂನಿದೆ, ಆ ದಿನಾಂಕ ತೋರಿಸಿಯೇ ಕೇಳಬೇಕು. ಅರ್ಜಿ ಹಾಕಲು ಗಡುವು ಇರುತ್ತದೆ. ಮೇಲೆ ಹೇಳಿದ ಹೆಣ್ಣುಮಕ್ಕಳ ಯೋಜನೆಯಲ್ಲಿ ಅದು ಮೂರು ವರ್ಷ. ತಡವಾಗಿದ್ದರೆ ಅಲ್ಲಿಗೇ ಬಿಡಬೇಡಿ, ಕಾರಣವನ್ನು ಬೇರೆ ಹಾಳೆಯಲ್ಲಿ ಇದ್ದದ್ದು ಇದ್ದಂತೆ ಬರೆದು ಮನ್ನಿಸಲು ಕೇಳಿ. ನಮ್ಮಕ್ಕನ ಹಾಳೆಯಲ್ಲಿ ನಾನು ಬರೆದದ್ದು ಇಷ್ಟೇ: 'ನನಗೆ ಓದಲು ಬರುವುದಿಲ್ಲ. ತೀರ್ಪಿನ ನಕಲು ಟ್ರಂಕಿನಲ್ಲಿತ್ತು.' ಕೆಳಗೆ ಅವಳು ಹೆಬ್ಬೆಟ್ಟು ಒತ್ತಿದಳು. ಅರ್ಜಿ ತೆಗೆದುಕೊಂಡರು.