ಹಂಪಿ ಒಂದೇ ದಿನಕ್ಕೆ: ಎರಡನೇ ಸಲ ನಾನು ಮಾಡಿದ್ದು

ಮೊದಲ ಸಲ ಹಂಪಿಗೆ ಹೋಗಿದ್ದು ಡಿಸೆಂಬರ್ ಕೊನೆ ವಾರದ ಒಂದು ಭಾನುವಾರ. ತಪ್ಪು ಅಲ್ಲೇ ಶುರುವಾಯಿತು. ಬೆಂಗಳೂರಿನಿಂದ ನಸುಕಿನಲ್ಲೇ ಕಾರು ಹತ್ತಿದರೂ ತಲುಪಿದಾಗ ಹನ್ನೊಂದೂವರೆ. ಎಲ್ಲರ ಹಾಗೆ ವಿರೂಪಾಕ್ಷನಿಗೆ ಕೈಮುಗಿದು, ಸಿಕ್ಕಿದ್ದನ್ನೆಲ್ಲ ನೋಡುತ್ತಾ ವಿಠ್ಠಲ ದೇವಸ್ಥಾನದ ಕಡೆ ಬರುವಷ್ಟರಲ್ಲಿ ಮೂರು ಗಂಟೆ. ಸ್ವಂತ ಗಾಡಿಗಳೆಲ್ಲ ಗೆಜ್ಜಲ ಮಂಟಪದ ಹತ್ತಿರವೇ ನಿಲ್ಲಬೇಕು. ಅಲ್ಲಿಂದ ಮುಂದಿನ ಸುಮಾರು ಒಂದು ಕಿಲೋಮೀಟರ್ ಬ್ಯಾಟರಿ ಗಾಡಿ, ಇಲ್ಲವೇ ನಡಿಗೆ. ಆ ಗಾಡಿಯ ಕ್ಯೂನಲ್ಲೇ ಒಂದು ಗಂಟೆ ಹೋಯಿತು. ಒಳಗೆ ಹೋದರೆ ಕಲ್ಲಿನ ರಥದ ಮುಂದೆ ಐವತ್ತರ ನೋಟು ಹಿಡಿದು ಫೋಟೊ ತೆಗೆಸಿಕೊಳ್ಳುವವರದೇ ಇನ್ನೊಂದು ಕ್ಯೂ. ರಥಕ್ಕಿಂತ ಜನರ ತಲೆಗಳನ್ನೇ ಜಾಸ್ತಿ ನೋಡಿದೆವು.

ಟಿಕೆಟ್‌ನಲ್ಲೂ ಎಡವಿದ್ದೆ. ವಿಠ್ಠಲ ದೇವಸ್ಥಾನಕ್ಕೆ ತಗೊಂಡ 40 ರೂಪಾಯಿಯ ಟಿಕೆಟ್ ಅದೇ ದಿನ ಕಮಲ ಮಹಲ್, ಆನೆ ಲಾಯ ಇರುವ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ. ಗೊತ್ತಿಲ್ಲದೆ ಅದನ್ನು ಮುದುರಿ ಕಸದ ಬುಟ್ಟಿಗೆ ಹಾಕಿದ್ದೆ.

ಎರಡನೇ ಸಲ ಮಗಳ ಜೊತೆ ಅಮ್ಮನೂ ಬಂದಿದ್ದಳು. ಅಮ್ಮನಿಗೆ 68 ವರ್ಷ, ಮಂಡಿ ನೋವು. ಹಾಗಾಗಿ ಈ ಸಲ ಕಾಗದ ಪೆನ್ನು ಹಿಡಿದು ಕೂತೆ. ಜನವರಿಯ ಒಂದು ಬುಧವಾರ ಆರಿಸಿಕೊಂಡೆ. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ, ಆ ದಿನ ಬೇಡ. ಹಿಂದಿನ ರಾತ್ರಿಯೇ ಹೊಸಪೇಟೆಗೆ ಬಂದು ಮಲಗಿದೆವು. ಅಲ್ಲಿಂದ ಹಂಪಿ ಬರೀ 13 ಕಿಲೋಮೀಟರ್. ನಮ್ಮ ಇಡೀ ಲೆಕ್ಕ ನಿಂತಿದ್ದು ಈ ಒಂದು ರಾತ್ರಿಯ ಮೇಲೆ.

ಬೆಳಗ್ಗೆ ಆಟೊದವರಿಗೆ ಮೊದಲು ವಿಠ್ಠಲ ದೇವಸ್ಥಾನ ಅಂದೆ.

"ಮೊದ್ಲು ವಿರೂಪಾಕ್ಷ ನೋಡ್ರಿ ಮೇಡಂ, ಎಲ್ರೂ ಹಂಗೇ ಹೋಗ್ತಾರ."

"ಅದಕ್ಕೇ ಬೇಡ ಅಣ್ಣ."

ಅವರು ನಕ್ಕು ಗಾಡಿ ತಿರುಗಿಸಿದರು. ಇಡೀ ದಿನಕ್ಕೆ ಎಷ್ಟು ಅಂತ ಹತ್ತುವ ಮೊದಲೇ ಮಾತಾಡಿಕೊಂಡಿದ್ದೆ. ಇಳಿಯುವಾಗ ಕಿರಿಕಿರಿ ಬೇಡ ಅಲ್ವಾ?

ಎಂಟೂವರೆ ಹೊತ್ತಿಗೆ ಬ್ಯಾಟರಿ ಗಾಡಿಗೆ ನಮ್ಮ ಮುಂದೆ ಹತ್ತು ಹನ್ನೆರಡು ಜನ ಇದ್ದರು, ಅಷ್ಟೆ. ರಥದ ಸುತ್ತ ಮೂರು ಸಲ ಬರುವಷ್ಟು ಪುರುಸೊತ್ತು ಸಿಕ್ಕಿತು. ಮೂರನೇ ಸುತ್ತಿನಲ್ಲಿ ಅಮ್ಮ ಆನೆಗಳ ಹಿಂದೆ ಬಗ್ಗಿ ನೋಡಿ, "ನೋಡೇ ಇಲ್ಲಿ, ಇದು ಯಾವುದರ ಕಾಲು?" ಅಂದಳು. ಕುದುರೆಯ ಹಿಂಗಾಲು, ಬಾಲ! ಮೊದಲು ಅಲ್ಲಿದ್ದದ್ದು ಕುದುರೆಗಳು, ಆನೆಗಳನ್ನು ಆಮೇಲೆ ತಂದು ಇಟ್ಟಿದ್ದಂತೆ. ರಥ ಏಕಶಿಲೆಯೂ ಅಲ್ಲ. ಹತ್ತಿರದಿಂದ ನೋಡಿದರೆ ಕಲ್ಲಿಗೆ ಕಲ್ಲು ಕೂರಿಸಿದ ಗೆರೆ ಕಾಣುತ್ತದೆ. ಅದರೊಳಗೆ ಗರುಡನ ಗುಡಿ. ಮೇಲೆ ಇಟ್ಟಿಗೆಯ ಶಿಖರವೂ ಇತ್ತು, 1856ರಲ್ಲಿ ತೆಗೆದ ಫೋಟೊದಲ್ಲಿ ಕಾಣುತ್ತದೆ. ಸಂಗೀತದ ಕಂಬಗಳನ್ನು ತಟ್ಟುವ ಹಾಗಿಲ್ಲ. ದೂರದಿಂದ ನೋಡಿದೆವು.

ನಾವು ಹೊರಡುವಾಗ ಹತ್ತೂವರೆ. ಎದುರಿಗೆ ಶಾಲೆಯ ಬಸ್ಸುಗಳಿಂದ ಇಳಿದ ಮಕ್ಕಳ ಸಾಲು ಬರುತ್ತಿತ್ತು. ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಅದೇ ಟಿಕೆಟ್ ತೋರಿಸಿ ಕಮಲ ಮಹಲ್, ಆನೆ ಲಾಯ ಮುಗಿಸಿದೆವು. ಮಗಳಿಗೆ 15 ಆಗಿಲ್ಲ, ಹಾಗಾಗಿ ಅವಳಿಗೆ ಟಿಕೆಟ್ಟೇ ಬೇಡ. ಪಕ್ಕದ ಹಜಾರ ರಾಮ ದೇವಸ್ಥಾನಕ್ಕೆ ಯಾರಿಗೂ ಟಿಕೆಟ್ ಇಲ್ಲ. ಬಹಳ ಜನ ಅದನ್ನು ಹತ್ತು ನಿಮಿಷದಲ್ಲಿ ಮುಗಿಸಿ ಓಡುತ್ತಾರೆ. ನಾವು ಮುಕ್ಕಾಲು ಗಂಟೆ ಇದ್ದೆವು. ಗೋಡೆ ತುಂಬ ಸಾಲು ಸಾಲಾಗಿ ಇಡೀ ರಾಮಾಯಣ. ಗೈಡ್ ಬೇಕಾಗಲಿಲ್ಲ. ರಾಮ ಒಂದೇ ಬಾಣಕ್ಕೆ ಏಳು ಮರ ಸೀಳುವ ಕೆತ್ತನೆಯ ಮುಂದೆ ಅಮ್ಮ ನಿಂತು ಮೊಮ್ಮಗಳಿಗೆ ವಾಲಿ ಸುಗ್ರೀವರ ಕಥೆ ಶುರು ಮಾಡಿದಳು. ಕಿಷ್ಕಿಂಧೆ ಅಂದರೆ ಇಲ್ಲೇ, ಹೊಳೆಯ ಆಚೆ ಆನೆಗೊಂದಿ ಕಡೆ ಅಂದಾಗ ಮಗಳು ಮೊಬೈಲ್ ಕೆಳಗಿಟ್ಟಳು.

ಮಹಾನವಮಿ ದಿಬ್ಬದ ಸುತ್ತ ಒಂದು ಮರದ ನೆರಳೂ ಇಲ್ಲ. ಮಗಳು ಒಬ್ಬಳೇ ಹತ್ತಿ ಇಳಿದಳು. ಹನ್ನೆರಡೂವರೆಯಿಂದ ಮೂರರವರೆಗೆ ಬಂಡೆಗಳ ನಡುವೆ ಸುತ್ತುವುದೇ ಇಲ್ಲ ಅಂತ ಮೊದಲೇ ಬರೆದುಕೊಂಡಿದ್ದೆ. ಕಮಲಾಪುರದಲ್ಲಿ ಊಟ, ಆಮೇಲೆ ನೆರಳಿಗೆ ವಸ್ತುಸಂಗ್ರಹಾಲಯ. ಅಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಮಾಡಿಟ್ಟಿದ್ದಾರೆ. ಬೆಳಗ್ಗೆ ಓಡಾಡಿದ್ದೆಲ್ಲ ಎಲ್ಲೆಲ್ಲಿದೆ ಅಂತ ಅದರ ಸುತ್ತ ಸುತ್ತುತ್ತಾ ಹುಡುಕಿದೆವು. ಇದನ್ನು ಮೊದಲೇ ನೋಡಿದ್ದರೆ ಅನ್ನಿಸಿತು. ಆದರೆ ಬೆಳಗಿನ ತಂಪನ್ನು ಇದಕ್ಕೆ ಕೊಡಲು ನನಗೆ ಈಗಲೂ ಮನಸ್ಸಿಲ್ಲ.

ಆಮೇಲೆ ಉಗ್ರನರಸಿಂಹ, ಬಡವಿಲಿಂಗ, ಸಾಸಿವೆಕಾಳು ಗಣಪತಿ. ಎಲ್ಲ ರಸ್ತೆ ಪಕ್ಕವೇ, ಟಿಕೆಟ್ ಇಲ್ಲ. ಉಗ್ರನರಸಿಂಹನ ಎದುರು ನಿಂತರೆ ಕತ್ತು ನೋಯುತ್ತದೆ, 6.7 ಮೀಟರ್ ಎತ್ತರ. 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ್ದು. ಬಂಡೆಗಳು ಇನ್ನೂ ಕಾದೇ ಇದ್ದವು. ಚಪ್ಪಲಿ ಬಿಡುವ ಕಡೆಗೆ ಅಂತ ಬ್ಯಾಗಿನಲ್ಲಿಟ್ಟಿದ್ದ ಸಾಕ್ಸ್ ಅಮ್ಮನ ಕಾಲು ಉಳಿಸಿತು.

ಮಾತಂಗ ಬೆಟ್ಟ, ಆನೆಗೊಂದಿ, ರಾಣಿ ಸ್ನಾನಗೃಹ ಮೂರನ್ನೂ ಪಟ್ಟಿಯಿಂದ ಹೊಡೆದು ಹಾಕಿದ್ದೆ. ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಹೇಮಕೂಟ ಗುಡ್ಡ ಸಾಕು. ಹತ್ತುವುದು ಸುಲಭ, ಇಳಿಯುವುದೇ ಕಷ್ಟ. ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಎದ್ದು, ಅರೆಗತ್ತಲಲ್ಲಿ ನುಣುಪು ಬಂಡೆಯ ಮೇಲೆ ಇಳಿಯುತ್ತಾರೆ. ಅದಕ್ಕೆ ನಾವು ಹತ್ತು ನಿಮಿಷ ಮೊದಲೇ ಎದ್ದೆವು. ಮಗಳ ಮುಖ ಊದಿಕೊಂಡಿತು. ಅಮ್ಮ ಒಂದು ಕೈಯಲ್ಲಿ ನನ್ನ ಭುಜ ಹಿಡಿದು ನಿಧಾನಕ್ಕೆ ಇಳಿದಳು.

ಕೆಳಗೆ, ವಿರೂಪಾಕ್ಷನ ಗೋಪುರದ ಮುಂದೆ, ಮಗಳ ಸಿಟ್ಟು ಇಳಿಸಲು ಒಂದು ಚಿಪ್ಪು ಬಾಳೆಹಣ್ಣು ತಗೊಂಡೆ. ಚಿಲ್ಲರೆ ಎಣಿಸಿಕೊಂಡು ತಿರುಗುವಷ್ಟರಲ್ಲಿ ಕೋತಿಯೊಂದು ಇಡೀ ಚಿಪ್ಪನ್ನೇ ಕಿತ್ತುಕೊಂಡು ಮಂಟಪದ ಮೇಲೆ ಕೂತಿತ್ತು. ಮಗಳು ಬಿದ್ದು ಬಿದ್ದು ನಗುತ್ತಿದ್ದಳು.